ಹೊಸ ಹತ್ತಿ, ಹಳೇ ಗಾದಿ

ಶೆಡ್ಡಿನ ಮಾತು ಎದ್ದ ದಿನ ಸುಬಾನಸಾಬರ ಮನೆಯಲ್ಲಿ ಯಾರೂ ಹೊಟ್ಟೆ ತುಂಬ ಉಣ್ಣುತ್ತಿರಲಿಲ್ಲ. ಆ ಶುಕ್ರವಾರವೂ ಹಾಗೇ ಆಯಿತು. ಗಂಡಸರು ಮೂವರೂ ಜುಮ್ಮಾ ನಮಾಜು ಮುಗಿಸಿ ಬಂದು ಚಾಪೆಯ ಮೇಲೆ ಕೂತಿದ್ದರು. ಮನೆಯೊಡತಿ ನಜೀರಾ ಅನ್ನದ ಮೇಲೆ ಹುರುಳಿಕಾಳಿನ ಸಾರು ಬಿಡುತ್ತಿದ್ದರು. ಹಿರಿಯ ಮಗ ಮುಜಮ್ಮಿಲ್ ಮೊದಲ ತುತ್ತು ಬಾಯಿಗಿಡುವ ಮುಂಚೆಯೇ ಮಾತು ತೆಗೆದ.

ಹೊನ್ನಾಳಿಯ ಹಾಸ್ಟೆಲ್ಲೊಂದರಿಂದ ಗಾದಿ, ದಿಂಬಿನ ದೊಡ್ಡ ಕೆಲಸ ಬರುವ ಹಾಗಿತ್ತು. ಫೋಮಿನ ಹಾಸಿಗೆ ಬಂದ ಮೇಲೆ ಇಂಥ ಕೆಲಸ ಬರುವುದೇ ಅಪರೂಪ. ಅಂಗಡಿಯಲ್ಲಿದ್ದ ಹತ್ತಿ ಹಿಂಜುವ ಹಳೆಯ ಮಷೀನು ಒಂದೇ ಸಾಲುವುದಿಲ್ಲ ಎಂದು ಅವನು ಲೆಕ್ಕ ಹೇಳಿದ.

"ಇನ್ನೊಂದು ಮಷೀನು ಹಾಕದೆ ಆ ಕೆಲ್ಸ ಮುಗಿಯಲ್ಲ ಅಪ್ಪಾ. ಮಷೀನು ಹಾಕಾಕೆ ಶೆಡ್ಡು ಬೇಕು."

"ಶೆಡ್ಡಿನಾಗೆ ಮಕ್ಕಳು ಅದಾವೆ" ಎಂದ ಕಿರಿಯವನು ಜುಬೇರ್, ತಲೆ ಎತ್ತದೆ.

"ಮಕ್ಕಳಿಗೆ ಶಾಲೆ ಐತೆ, ಶಾಲೆಗೆ ಬಯಲೈತೆ. ಲಾಗ ಹಾಕಾಕೆ ನಮ್ಮ ಶೆಡ್ಡೇ ಆಗ್ಬೇಕಾ?"

ನ್ಯಾಮತಿಯ ಪಿಂಜಾರ ಓಣಿಯಲ್ಲಿ ಸುಬಾನಸಾಬರದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆ. ರಸ್ತೆಗೆ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಉದ್ದನೆಯ ತಗಡಿನ ಶೆಡ್ಡು. ಒಂದು ಕಾಲಕ್ಕೆ ಅಲ್ಲಿ ಹತ್ತಿಯ ಮೂಟೆಗಳನ್ನು ಮಾಡಿನವರೆಗೂ ಒಟ್ಟುತ್ತಿದ್ದರು. ಈಗ ಜುಬೇರ್ ಅಲ್ಲಿ ದಿನಾ ಸಂಜೆ ಓಣಿಯ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸುತ್ತಿದ್ದ. ಅವನು ದಾವಣಗೆರೆಯ ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದವನು. ರಾಜ್ಯಮಟ್ಟದವರೆಗೂ ಹೋಗಿ, ಭುಜ ಜಾರಿದ ಮೇಲೆ ಊರಿಗೆ ಮರಳಿ, ಖಾಸಗಿ ಶಾಲೆಯೊಂದರಲ್ಲಿ ಬೆಳಗಿನ ಹೊತ್ತು ಆಟ ಆಡಿಸುವ ಮೇಷ್ಟರಾಗಿದ್ದ. ಶೆಡ್ಡಿಗೆ ಬರುವ ಮಕ್ಕಳಿಂದ ಅವನು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಮುಜಮ್ಮಿಲನ ಮಗಳು ಇಲ್ಮಾ, ಎದುರುಮನೆಯ ಅಂಜಿನಮ್ಮನ ಮೊಮ್ಮಗಳು ರಕ್ಷಾ, ಸವಳಂಗದಿಂದ ಬಸ್ಸು ಹತ್ತಿ ಬರುವ ನಾಲ್ಕಾರು ಹುಡುಗಿಯರು, ಇವರೇ ಅವನ ಕ್ಲಬ್ಬು.

ದಾವಣಗೆರೆಯ ಒಂದು ಟ್ರಸ್ಟಿನವರು ಸಣ್ಣ ಊರುಗಳ ಇಂಥ ಕ್ಲಬ್ಬುಗಳಿಗೆ ಅನುದಾನ ಕೊಡುತ್ತಾರೆಂದು ಜುಬೇರ್‌ಗೆ ಗೊತ್ತಾಗಿ ಅರ್ಜಿ ಹಾಕಿದ್ದ. ಸಿಕ್ಕರೆ ಮೂರು ವರ್ಷ ಮಕ್ಕಳ ಸಾಮಾನಿಗೂ ಕಲಿಸುವವರ ಸಂಬಳಕ್ಕೂ ಅವರದೇ ದುಡ್ಡು. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ತಾಲ್ಲೂಕಿಗೆ ಸೇರಿ ಈ ಸಲ ಒಂದೇ ಕ್ಲಬ್ಬಿಗೆ ಕೊಡುವುದಾಗಿ ಅವರು ತಿಳಿಸಿದ್ದರು. ಚನ್ನಗಿರಿಯ ಕ್ಲಬ್ಬಿನವರಿಗೆ ಕಲ್ಲು ಹಾಸಿದ ಸಮುದಾಯ ಭವನವೇ ಇದೆಯಂತೆ.

ಟ್ರಸ್ಟಿನವರು ಬಂದು ನೋಡಿಹೋಗುವವರೆಗಾದರೂ ತಾಳಬೇಕೆಂದು ಜುಬೇರ್ ಅಣ್ಣನನ್ನು ಕೇಳಿಕೊಂಡ. ಮುಜಮ್ಮಿಲ್ ತಟ್ಟೆ ಸರಿಸಿದ.

"ತಾಳ್ತೀನಿ. ಅವರು ಕೊಡಲ್ಲ ಅಂದ ದಿನಾನೇ ಶೆಡ್ಡು ಖಾಲಿ ಆಗ್ಬೇಕು. ನೀನು ನಂಜೊತೆ ಅಂಗಡಿಯಾಗೆ ಕೂರ್ಬೇಕು. ಒಪ್ತೀಯಾ?"

ಜುಬೇರ್ ಒಪ್ಪಿದ. ಬೇರೆ ದಾರಿ ಇರಲಿಲ್ಲ. ಶೆಡ್ಡು ಅಪ್ಪನ ಹೆಸರಿನಲ್ಲಿತ್ತು, ಆದರೆ ಮನೆ ನಡೆಯುತ್ತಿದ್ದುದು ಅಣ್ಣನ ಮಷೀನಿನಿಂದ.

ಸುಬಾನಸಾಬರು ಇಬ್ಬರ ಮಾತನ್ನೂ ಕೇಳಿಸಿಕೊಂಡು ಕೈತೊಳೆದರು. ಅವರು ಮಾತು ಕಡಿಮೆಯ ಮನುಷ್ಯ. ಪ್ರತಿ ಗಾದಿಗೂ ಮೊದಲ ಹಿಡಿ ಹತ್ತಿ ತುಂಬುವಾಗ ದೇವರ ಹೆಸರು ಹೇಳಿ, ಮಲಗುವವರಿಗೆ ನಿದ್ದೆ ಬರಲಿ ಎಂದು ಕೇಳಿಕೊಳ್ಳುವುದು ಅವರ ಪದ್ಧತಿ. ತಂದೆಯಿಂದ ಬಂದದ್ದು. ಅದಕ್ಕೇ ಶೆಡ್ಡಿನ ವಿಷಯದಲ್ಲಿ ಅವರಿಗೆ ಒಂದೇ ಒಂದು ಮುನಿಸು.

"ಗಾದಿ ಇರಾದು ಮಲಗಾಕೆ. ತುಳಿಯಾಕಲ್ಲ" ಎಂದರು. ಅಷ್ಟು ಹೇಳಿ ಅಂಗಡಿಗೆ ಹೋದರು.

ಜುಬೇರ್‌ನ ಬಳಿ ಕೊಂಡುತಂದ ಮ್ಯಾಟುಗಳು ಇರಲಿಲ್ಲ. ಹೊಸ ಗಾದಿ ಹೊಲಿಸಿಕೊಂಡವರು ಅಂಗಡಿಯಲ್ಲೇ ಬಿಟ್ಟುಹೋದ ಹಳೆಯ ಗಾದಿಗಳನ್ನು ಅವನು ಒಂದೊಂದಾಗಿ ಕೂಡಿಹಾಕಿ, ಎರಡೆರಡು ಜೋಡಿಸಿ, ಮೇಲೆ ಗೊಬ್ಬರದ ಚೀಲ ಬಿಚ್ಚಿ ಹೊದಿಸಿ ಹೊಲಿದಿದ್ದ. ಮಕ್ಕಳು ಲಾಗ ಹಾಕುತ್ತಿದ್ದುದು ಅವುಗಳ ಮೇಲೆ.

ಆಮೇಲಿನ ವಾರಗಳಲ್ಲಿ ಮನೆಯ ಕೆಲಸಗಳು ತಮ್ಮ ಪಾಡಿಗೆ ನಡೆದವು. ಮುಜಮ್ಮಿಲನ ಹೆಂಡತಿ ಮಸರತ್ ಅಡುಗೆಮನೆಯ ಕೆಲಸ ಮುಗಿಸಿ ಮಕ್ಕಳ ಪ್ಯಾಂಟಿನ ಮಂಡಿಗೆ ತೇಪೆ ಹಾಕಿಕೊಡುತ್ತಿದ್ದಳು. ಇಲ್ಮಾ ಅಜ್ಜಿ ರೊಟ್ಟಿ ತಟ್ಟುವಾಗ ಪಕ್ಕದ ಗೋಡೆಗೆ ಕಾಲು ಆನಿಸಿ ತಲೆಕೆಳಗಾಗಿ ನಿಲ್ಲುತ್ತಿದ್ದಳು. ಅಜ್ಜಿ ಬಯ್ಯುತ್ತಿದ್ದರು, ಆದರೆ ರೊಟ್ಟಿಯ ಹಿಟ್ಟು ಹಾರದ ಹಾಗೆ ಪರಾತವನ್ನು ತಾವೇ ಆಚೆ ಸರಿಸಿಕೊಳ್ಳುತ್ತಿದ್ದರು.

"ನೆಟ್ಟಗೆ ನಿಂತು ಮಾತಾಡೇ. ನಿನ್ನ ಬಾಯಿ ಎಲ್ಲೈತೆ ಅಂತ ಹುಡುಕಬೇಕು ನಾನು."

"ಹಿಂಗೆ ನಿಂತ್ರೆ ನೀನು ಚೆಂದ ಕಾಣ್ತೀಯ ಅಜ್ಜಿ."

ಮಸರತ್‌ಗೆ ಒಳಗೊಳಗೇ ಬೇರೊಂದು ಲೆಕ್ಕವಿತ್ತು. ಶೆಡ್ಡು ಹೋದರೆ ಮಗಳಿಗೆ ಈ ಓಣಿಯಲ್ಲಿ ಬೇರೆ ಜಾಗವಿಲ್ಲ. ಊರಾಚೆಯ ಬಯಲಿಗೆ, ಹುಡುಗರ ನಡುವೆ ಕಳಿಸಲು ಗಂಡ ಒಪ್ಪುವುದಿಲ್ಲ, ತಾನೂ ಒಪ್ಪುವುದಿಲ್ಲ. ಮನೆಯ ಹಿತ್ತಲಿನ ಶೆಡ್ಡು ಎಂಬ ಕಾರಣಕ್ಕೇ ಎಷ್ಟೋ ತಾಯಂದಿರು ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದರು. ಇದನ್ನು ಅವಳು ಗಂಡನಿಗೆ ಚಹಾ ಕೊಡುವಾಗ ಒಮ್ಮೆ ಹೇಳಿದಳು. ಅವನು ಚಹಾ ಕುಡಿದು ಲೋಟ ಇಟ್ಟ. ಎದ್ದು ಅಂಗಡಿಗೆ ಹೋದ.

ಟ್ರಸ್ಟಿನವರು ಬರುವ ದಿನ ಗೊತ್ತಾಯಿತು. ಶಾಂತಾದೇವಿ ಎಂಬುವರು ಬರುತ್ತಾರೆ, ಮಕ್ಕಳು ಮಾಡುವುದನ್ನೂ ಜಾಗವನ್ನೂ ನೋಡುತ್ತಾರೆ. ಜುಬೇರ್‌ಗೆ ಒಂದೇ ಕೊರತೆ ಕಾಡಿತು. ಓಡಿಬಂದು ಕೈಯೂರಿ ಹಾರುವುದಕ್ಕೆ ಮರದ ಎತ್ತರದ ಪೆಟ್ಟಿಗೆ ಬೇಕು, ಅದಿಲ್ಲದೆ ಮಕ್ಕಳು ಕಲಿತದ್ದು ಪೂರ್ತಿ ಕಾಣುವುದಿಲ್ಲ. ಜಗಳೂರಿನ ಶಾಲೆಯೊಂದರಲ್ಲಿ ಅವನ ಹಾಸ್ಟೆಲಿನ ಗೆಳೆಯ ಬಸವರಾಜ್ ಮೇಷ್ಟರಾಗಿದ್ದ. ಅಲ್ಲಿ ಅಂಥದೊಂದು ಪೆಟ್ಟಿಗೆ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ತರಲು ಜುಬೇರ್ ಎರಡು ದಿನ ಮುಂಚೆ ಹೊರಟ.

ಅವನು ಹೋದ ಬೆಳಗ್ಗೆ ಸುಬಾನಸಾಬರು ಸುತಳಿ ಹುಡುಕಿಕೊಂಡು ಶೆಡ್ಡಿಗೆ ಹೋದರು. ಬಾಗಿಲು ತೆರೆದರೆ ಬಿಸಿಲು ನೇರವಾಗಿ ಆ ಗಾದಿಗಳ ಮೇಲೆ ಬಿತ್ತು. ಅವರು ಅಲ್ಲೇ ನಿಂತರು. ಬಹಳ ದಿನಗಳ ಮೇಲೆ ಅವುಗಳನ್ನು ಹತ್ತಿರದಿಂದ ನೋಡಿದ್ದು. ಹತ್ತಿ ಗಂಟುಗಟ್ಟಿತ್ತು. ಬಣ್ಣ ಯಾವುದೆಂದು ತಿಳಿಯದ ಗವಸು, ಮೇಲೆ ಯೂರಿಯಾ ಚೀಲ. ಒಂದರ ಅಂಚಿನ ಹೊಲಿಗೆ ಅವರದೇ ಕೈಯದು, ಎಂದೋ ಯಾರದೋ ಮದುವೆಗೆ ಹಾಕಿದ್ದು.

ಅಂಗಡಿಗೆ ಬಂದು ಹಿರಿಯ ಮಗನನ್ನು ಕರೆದರು.

"ದಾವಣಗೆರೆಯಿಂದ ಹೆಣ್ಮಗಳು ಬರ್ತಾಳಂತೆ. ಪಿಂಜಾರರ ಮನೆಯಾಗೆ ಮಕ್ಕಳ ಕೆಳಗೆ ಇಂಥ ಗಾದಿ ಹಾಕ್ಯಾರೆ ಅಂತ ನೋಡಿ ಹೋಗ್ಲಾ?"

ಮುಜಮ್ಮಿಲ್ ಶೆಡ್ಡಿಗೆ ಹೋಗಿ ನೋಡಿಬಂದ. ಅವನಿಗೆ ಶೆಡ್ಡು ಬೇಕಿತ್ತು, ನಿಜ. ಆದರೆ ಗಾದಿಯ ವಿಷಯಕ್ಕೆ ಅವನೂ ಅಪ್ಪನ ಮಗನೇ. ಹೊನ್ನಾಳಿ ಹಾಸ್ಟೆಲಿನವರಿಗೆಂದು ತೆಗೆದಿಟ್ಟಿದ್ದ ನೀಲಿ ಪಟ್ಟೆಯ ಬಟ್ಟೆಯ ಥಾನು ಇಳಿಸಿ ಕತ್ತರಿ ಹಾಕಿದ. ಮಸರತ್ ಎರಡು ಸಲ ಕೇಳಿದಳು, ಜುಬೇರ್‌ಗೆ ಫೋನು ಮಾಡಿ ಹೇಳೋಣವೇ ಎಂದು. ಬಂದು ನೋಡಿ ಖುಷಿಪಡಲಿ, ಈಗಲೇ ಯಾಕೆ ಎಂದ ಮುಜಮ್ಮಿಲ್.

ಎರಡು ಹಗಲು ಆ ಮನೆಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಹಳೆಯ ಗಾದಿಗಳನ್ನೆಲ್ಲ ಬಿಚ್ಚಿದರು. ಗಂಟುಗಟ್ಟಿದ ಹತ್ತಿಯನ್ನು ಬಿಸಿಲಿಗೆ ಹರವಿ, ಕೋಲಿನಿಂದ ಬಡಿದು, ಮಷೀನಿಗೆ ಹಾಕಿ ಮತ್ತೆ ಹಿಂಜಿದರು. ಸಾಲದ್ದಕ್ಕೆ ಹೊಸ ಹತ್ತಿ ಸೇರಿಸಿದರು. ಮಸರತ್ ಗವಸು ಹೊಲಿದಳು, ನಜೀರಾ ಸುತಳಿ ಪೋಣಿಸಿಕೊಟ್ಟರು, ಅಪ್ಪ ಮಗ ಎದುರುಬದುರು ಕೂತು ಹತ್ತಿ ಸರಿಯದ ಹಾಗೆ ಉದ್ದ ಸೂಜಿಯಿಂದ ಅಲ್ಲಲ್ಲಿ ಬೊಟ್ಟು ಹಾಕಿದರು. ಊಟಕ್ಕೆ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಹೋಟೆಲಿನಿಂದಲೇ ಬಂತು. ಶೆಡ್ಡಿನ ಜಗಳ ಶುರುವಾದ ಮೇಲೆ ಮುಜಮ್ಮಿಲ್ ಮನೆಯವರೊಂದಿಗೆ ಅಷ್ಟು ನಗುತ್ತ ಕೂತದ್ದು ಅದೇ ಮೊದಲು. ಪ್ರತಿ ಗಾದಿಗೂ ಸುಬಾನಸಾಬರು ಮೊದಲ ಹಿಡಿ ತುಂಬಿ ಕೇಳಿಕೊಂಡರು. ಮಕ್ಕಳಿಗೆ ನಿದ್ದೆ ಬರಲಿ ಎಂದು ಕೇಳುವಂತಿರಲಿಲ್ಲ. ಪೆಟ್ಟಾಗದಿರಲಿ ಎಂದು ಕೇಳಿಕೊಂಡರು.

ಮೂರನೆಯ ದಿನ ಬೆಳಗ್ಗೆ ಜುಬೇರ್ ಗೂಡ್ಸ್ ಗಾಡಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಬಂದಿಳಿದ. ಮಧ್ಯಾಹ್ನಕ್ಕೆ ಶಾಂತಾದೇವಿ ಬರುವವರಿದ್ದರು. ಮನೆಯವರೆಲ್ಲ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಒಳಗೆ ನೀಲಿ ಪಟ್ಟೆಯ ಗಾದಿಗಳು ಸಾಲಾಗಿ ಉಬ್ಬಿಕೊಂಡಿದ್ದವು. ಮದುಮಕ್ಕಳಿಗೆ ಹಾಸುವಂಥ ಗಾದಿಗಳು.

ಜುಬೇರ್ ಹತ್ತಿರ ಹೋಗಿ ಒಂದರ ಮೇಲೆ ಅಂಗೈ ಒತ್ತಿದ. ಕೈ ಮಣಿಕಟ್ಟಿನವರೆಗೆ ಒಳಗಿಳಿಯಿತು. ಅವನ ಮುಖ ನೋಡಿ ಮೊದಲು ಮಸರತ್‌ಗೆ ಏನೋ ತಪ್ಪಾಗಿದೆ ಎಂದು ತಿಳಿಯಿತು.

ಅಷ್ಟರಲ್ಲಿ ಇಲ್ಮಾ ಓಡಿಬಂದು ಕೈಯೂರಿ ಮಗುಚಿ ಇಳಿದಳು. ಕಾಲು ಕೆಸರಿನಲ್ಲಿ ಹೂತ ಹಾಗೆ ಹೂತುಹೋಯಿತು. ಪಾದ ಒಂದು ಕಡೆ, ಮಂಡಿ ಒಂದು ಕಡೆ ತಿರುಗಿ ಕುಸಿದು ಕೂತಳು. ಮೊದಲು ನಕ್ಕಳು, ಆಮೇಲೆ ಹಿಮ್ಮಡಿ ಹಿಡಿದುಕೊಂಡಳು.

"ಏನಾತು?" ಎಂದು ನಜೀರಾ ಬಗ್ಗಿದರು.

"ಏನಿಲ್ಲಜ್ಜಿ. ಕಾಲಿಗೆ ನೆಲ ಸಿಗ್ಲಿಲ್ಲ ಅಷ್ಟೇ."

ಜುಬೇರ್ ಅವಳ ಪಾದವನ್ನು ಅತ್ತಿತ್ತ ತಿರುವಿ ನೋಡಿದ. ಉಳುಕಿರಲಿಲ್ಲ. ಎದ್ದು ನಿಂತು ಅಣ್ಣನ ಕಡೆ ತಿರುಗಿದ.

"ಇದನ್ನ ಯಾರು ಮಾಡಾಕೆ ಹೇಳಿದ್ರು?"

"ಯಾರು ಹೇಳ್ಬೇಕು?" ಮುಜಮ್ಮಿಲನ ದನಿ ಏರಿತು. "ಎರಡು ದಿನ ಅಂಗಡಿ ಮುಚ್ಚಿ ಕೂತೀವಿ. ಹಾಸ್ಟೆಲಿನ ಬಟ್ಟೆ ಹರಿದೀನಿ. ನಿನ್ನ ಮರ್ಯಾದೆ ಉಳೀಲಿ ಅಂತ."

"ಇದರ ಮೇಲೆ ಹಾರಿದ್ರೆ ಮಕ್ಕಳ ಕಾಲು ಮುರೀತಾವೆ ಅಣ್ಣಾ. ಗಟ್ಟಿ ಇರಬೇಕು ಇದು. ಆ ಹಳೇವು ಗಟ್ಟಿ ಅಂತಲೇ ಕೂಡಿಟ್ಟಿದ್ದೆ ನಾನು."

ಜುಬೇರ್ ಫೋನು ತೆಗೆದ. ಶಾಂತಾದೇವಿಯವರಿಗೆ ಬರಬೇಡಿ ಎಂದು ಹೇಳಿಬಿಡುತ್ತೇನೆ, ಮಕ್ಕಳನ್ನು ಇದರ ಮೇಲೆ ಹಾರಿಸಲಾರೆ ಎಂದ. ಬರಬೇಡಿ ಎಂದರೆ ಅನುದಾನ ಚನ್ನಗಿರಿಯವರ ಪಾಲು, ಶೆಡ್ಡು ಮಷೀನಿನ ಪಾಲು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮುಜಮ್ಮಿಲ್‌ಗೂ ಗೊತ್ತಿತ್ತು, ಆದರೆ ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಬೆರಳುಗಳಿಗೆ ಸೂಜಿ ಚುಚ್ಚಿದ ಕಡೆ ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದ.

ಸುಬಾನಸಾಬರು ಮೆಲ್ಲಗೆ ಹೋಗಿ ಒಂದು ಗಾದಿಯ ಮೇಲೆ ಕೂತರು. ಕೂತಲ್ಲೇ ಇಳಿದರು.

"ತಪ್ಪಾತು ನಂದು" ಎಂದರು. "ಎಷ್ಟು ಗಟ್ಟಿ ಬೇಕಪ್ಪಾ?"

"ಮೊದ್ಲಿನಷ್ಟು."

"ಹಿಂಜಿದ ಹತ್ತಿ ಇವತ್ತಿಗಿವತ್ತೇ ಕೂರಲ್ಲ. ಜನ ಮಲಗಿ ಮಲಗಿ ವರ್ಷಾನುಗಟ್ಟಲೆ ಆಗ್ಬೇಕು."

ಫೋನು ಹಿಡಿದ ಜುಬೇರ್‌ನ ಕೈಯನ್ನು ಮಸರತ್ ತಡೆದಳು. ಅವಳ ಕಣ್ಣು ಶೆಡ್ಡಿನಲ್ಲಿರಲಿಲ್ಲ, ಓಣಿಯ ಕಡೆಗಿತ್ತು.

"ಮಾವ, ಈ ಓಣಿಯಾಗೆ ಎಲ್ರ ಮನೆ ಗಾದೀನೂ ನಿಮ್ಮವೇ ಅಲ್ವಾ? ವರ್ಷಾನುಗಟ್ಟಲೆ ಮಲಗಿದ್ದು."

ಅವಳ ಮಾತು ತಲೆಗಿಳಿದದ್ದೇ ನಜೀರಾ ಸೆರಗು ತಲೆಗೆಳೆದುಕೊಂಡು ಎಲ್ಲರಿಗಿಂತ ಮೊದಲು ಹೊರಟರು. ನೇರ ಎದುರುಮನೆಗೆ.

ಅಂಜಿನಮ್ಮ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ನಜೀರಾ ವಿಷಯ ಹೇಳಿದರು. ನಿಮ್ಮ ಹಳೇ ಗಾದಿ ಕೊಡಿ, ಬದಲಿಗೆ ಹೊಸದು ತಗೊಳ್ಳಿ, ಈಗಲೇ ಆಗಬೇಕು. ಅಂಜಿನಮ್ಮ ಮೊರ ಕೆಳಗಿಟ್ಟರು.

"ನಂದು ಕಲ್ಲು ಕಣೇ ನಜೀರಾ. ನಮ್ಮ ಯಜಮಾನ್ರು ಇದ್ದಷ್ಟು ದಿನ ಅದರ ಮೇಲೆ ಹೊರಳಾಡಿ ಹೊರಳಾಡಿ ಚಪ್ಪಡಿ ಮಾಡಿ ಹೋಗ್ಯಾರೆ."

"ಅದೇ ಬೇಕು ಅಂಜಿನಕ್ಕ."

"ಹೆಂಗಾದ್ರೂ ಅವರು ಮಲಗಿದ್ದಕ್ಕೂ ಒಂದು ಉಪಯೋಗ ಆತಲ್ಲ" ಎಂದು ಅಂಜಿನಮ್ಮ ಮೊಮ್ಮಗಳನ್ನು ಕೂಗಿದರು.

ಆಮೇಲೆ ಓಣಿಯಲ್ಲಿ ಯಾರನ್ನೂ ಕೇಳಿಕೊಳ್ಳಬೇಕಾಗಲಿಲ್ಲ. ಸುದ್ದಿ ಮನೆಯಿಂದ ಮನೆಗೆ ಹೋಯಿತು. ಹೊಸ ಪಟ್ಟೆ ಗಾದಿ ಬರುತ್ತದೆ ಎಂದರೆ ಹಳೆಯದನ್ನು ಯಾರು ಹಿಡಿದುಕೊಂಡು ಕೂರುತ್ತಾರೆ? ಸುಬಾನಸಾಬರು ಪ್ರತಿ ಹೊಸ್ತಿಲಲ್ಲಿ ನಿಂತು ಗಾದಿಯನ್ನು ಮುಷ್ಟಿಯಿಂದ ಗುದ್ದಿ ನೋಡಿ ಆದೀತು, ಆಗಲ್ಲ ಎನ್ನುತ್ತಿದ್ದರು. ಆಗಲ್ಲ ಎನಿಸಿಕೊಂಡವರು ಮುನಿಸಿಕೊಂಡರು. ಮುಜಮ್ಮಿಲ್ ಹೊಸ ಗಾದಿ ಹೊತ್ತು ಹೋಗಿ ಹಳೆಯದನ್ನು ಹೊತ್ತು ಬರುತ್ತಿದ್ದ. ಅವನ ಹಿಂದೆ ಜುಬೇರ್. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಆದರೆ ಒಬ್ಬನ ತಲೆಯ ಮೇಲಿನದು ಜಾರಿದರೆ ಇನ್ನೊಬ್ಬ ಹಿಂದಿನಿಂದ ಕೈ ಕೊಡುತ್ತಿದ್ದ.

ಶಾಂತಾದೇವಿಯವರ ಕಾರು ಓಣಿಯ ತಿರುವಿಗೆ ಬಂದಾಗ ಇನ್ನೂ ನಾಲ್ಕು ಗಾದಿಗಳು ರಸ್ತೆಯಲ್ಲಿದ್ದವು. ಕಾರು ಮುಂದೆ ಬರಲಾಗದೆ ಅವರು ಇಳಿದು ನಡೆದೇ ಬಂದರು. ಐವತ್ತು ದಾಟಿದ, ಕೂದಲು ಗಿಡ್ಡ ಕತ್ತರಿಸಿದ ಹೆಂಗಸು. ಯಾವುದಾದರೂ ಮನೆ ಖಾಲಿ ಮಾಡುತ್ತಿದ್ದಾರೆಯೇ ಎಂದು ಎದುರು ಸಿಕ್ಕ ಅಂಜಿನಮ್ಮನನ್ನು ಕೇಳಿದರಂತೆ. ಅಂಜಿನಮ್ಮ ಇದ್ದದ್ದನ್ನು ಇದ್ದ ಹಾಗೆ, ತಮ್ಮ ಯಜಮಾನರನ್ನೂ ಸೇರಿಸಿ ಹೇಳಿಬಿಟ್ಟರು. ಹಾಗಾಗಿ ಜುಬೇರ್ ಮುಚ್ಚಿಡಲು ಏನೂ ಉಳಿದಿರಲಿಲ್ಲ.

ಶಾಂತಾದೇವಿ ಚಪ್ಪಲಿ ಬಿಟ್ಟು ಶೆಡ್ಡಿನ ಒಳಗೆ ಬಂದು ಗಾದಿಗಳನ್ನು ಹಿಮ್ಮಡಿಯಿಂದ ಒತ್ತುತ್ತ ನಡೆದರು. ಮಕ್ಕಳು ಕೈಕಾಲು ಸಡಿಲಿಸಿಕೊಂಡು ಸಾಲಾಗಿ ನಿಂತರು. ಇಲ್ಮಾ, ರಕ್ಷಾ, ಸವಳಂಗದ ಹುಡುಗಿಯರು ಒಬ್ಬರಾದ ಮೇಲೆ ಒಬ್ಬರು ಓಡಿ, ಮಗುಚಿ, ನೆಲ ಮುಟ್ಟಿ, ಕೈ ಎತ್ತಿ ನಿಂತರು. ಇಳಿದ ಕಾಲು ಇಳಿದಲ್ಲೇ ನಿಂತಿತು. ಬಾಗಿಲಿನ ಆಚೆ ಓಣಿಯ ಹೆಂಗಸರು ತುಂಬಿದ್ದರು. ತಮ್ಮ ಮನೆಯ ಗಾದಿಯ ಮೇಲೆ ಯಾರಾದರೂ ಚೆನ್ನಾಗಿ ಇಳಿದರೆ ಅದು ತಮ್ಮದೇ ಗೆಲುವೆಂಬಂತೆ ಪಕ್ಕದವರನ್ನು ತಿವಿಯುತ್ತಿದ್ದರು.

ಮುಜಮ್ಮಿಲ್ ಮಗಳು ಮಾಡುವುದನ್ನು ಅಲ್ಲಿಯವರೆಗೆ ಪೂರ್ತಿಯಾಗಿ ನೋಡಿದವನಲ್ಲ. ಸಂಜೆ ಹೊತ್ತು ಅವನು ಅಂಗಡಿಯಲ್ಲಿರುತ್ತಿದ್ದ. ಅವಳು ಗಾಳಿಯಲ್ಲಿ ಸುತ್ತಿ ಕಾಲಿನ ಮೇಲೆ ಇಳಿದಾಗ ಅವನ ಕೈ ತಾನಾಗಿ ಮುಂದೆ ಚಾಚಿತ್ತು, ಬಿದ್ದರೆ ಹಿಡಿಯುವವನ ಹಾಗೆ. ಅವಳು ಬೀಳಲಿಲ್ಲ. ಅವನು ಕೈಯನ್ನು ಹಿಂದೆ ಕಟ್ಟಿಕೊಂಡ.

ಕೊನೆಗೆ ಶಾಂತಾದೇವಿ ಮರದ ಪೆಟ್ಟಿಗೆಯ ಕಡೆ ಕೈ ತೋರಿಸಿದರು. ಅದನ್ನು ಹಾರುವುದು ಯಾವಾಗ ಎಂದು ಕೇಳಿದರು. ರಕ್ಷಾ ಆಗಲೇ ಓಡಲು ಹಿಂದೆ ಸರಿದಿದ್ದಳು. ಜುಬೇರ್ ಅವಳ ಭುಜ ಹಿಡಿದು ನಿಲ್ಲಿಸಿದ.

"ಇವತ್ತು ಅದರ ಮೇಲಿಂದ ಹಾರಿಸಲ್ಲ ಮೇಡಂ. ಇವು ನೆಲದ ಕೆಲ್ಸಕ್ಕೆ ಸಾಕು. ಅಷ್ಟು ಎತ್ತರದಿಂದ ಇಳಿಯಾಕೆ ಸಾಲವು. ಹಳೇವು ನಾನು ಪರೀಕ್ಷೆ ಮಾಡಿಟ್ಟಿದ್ದೆ, ಇವನ್ನ ಮಾಡಿಲ್ಲ."

"ಅದಕ್ಕೇ ಅಂತ ಜಗಳೂರಿಗೆ ಹೋಗಿ ತಂದಿರಂತಲ್ಲ?"

"ಹೌದು. ಹಂಗೇ ವಾಪಸ್ ಕಳಿಸ್ತೀನಿ."

ಶಾಂತಾದೇವಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಸುಬಾನಸಾಬರ ಹತ್ತಿರ ಬಂದರು. ಅನುದಾನ ಯಾರಿಗೆ ಎಂಬುದು ತಾನೊಬ್ಬಳೇ ತೀರ್ಮಾನ ಮಾಡುವ ವಿಷಯವಲ್ಲ, ಆದರೆ ಒಂದು ಮಾತು ಇವತ್ತೇ ತಿಳಿಯಬೇಕು ಎಂದರು. ಮೂರು ವರ್ಷ ಈ ಜಾಗ ಮಕ್ಕಳಿಗೇ ಇರುತ್ತದೆ ಎಂದು ಜಾಗದ ಯಜಮಾನರು ಮಾತು ಕೊಡಬೇಕು. ನಡುವೆ ಖಾಲಿ ಮಾಡಿಸುವ ಹಾಗಿದ್ದರೆ ಮುಂದಿನ ಮಾತೇ ಇಲ್ಲ.

ಸುಬಾನಸಾಬರು ತಕ್ಷಣ ಹೂಂ ಎನ್ನಬಹುದಿತ್ತು. ಅನ್ನಲಿಲ್ಲ. ಹಿರಿಯ ಮಗನ ಕಡೆ ನೋಡಿದರು.

"ಯಜಮಾನ ನಾನು ಹೆಸರಿಗೆ. ದುಡಿಯಾನು ಅವನು. ಅವನು ಹೇಳ್ಲಿ."

ಜುಬೇರ್ ನೆಲ ನೋಡುತ್ತಿದ್ದ. ಮಸರತ್ ಬಾಗಿಲ ಹಿಂದೆ ಸೆರಗಿನ ತುದಿ ಸುತ್ತಿಕೊಳ್ಳುತ್ತಿದ್ದಳು. ಮುಜಮ್ಮಿಲ್ ಒಂದು ಸಲ ಕೆಮ್ಮಿದ. ಶೆಡ್ಡಿನ ಆಚೆ ಬದಿಗೆ ಹೋಗಿ, ಕಿಟಕಿಯಿಂದ ಹಿತ್ತಲು ನೋಡಿದ. ಅಲ್ಲಿ ಸೌದೆ ಒಟ್ಟಿದ ಜಾಗ, ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆ ಮರ.

"ಸೌದೆ ತೆಗೆದ್ರೆ ಅಲ್ಲಿ ಮಷೀನು ಕೂರುತ್ತೆ" ಎಂದ. "ಮ್ಯಾಲೆ ನಾಲ್ಕು ತಗಡು ಹಾಕಿದ್ರಾತು. ಮಳೆಗಾಲಕ್ಕೆ ಸ್ವಲ್ಪ ಕಷ್ಟ ಆಗುತ್ತೆ. ಆಗ್ಲಿ. ಶೆಡ್ಡು ಮಕ್ಕಳಿಗೇ ಇರ್ಲಿ ಮೇಡಂ."

"ಮತ್ತೆ ಬದಲಾಯಿಸುವ ಹಾಗಿಲ್ಲ" ಎಂದರು ಶಾಂತಾದೇವಿ.

"ನೀವು ಕೊಟ್ರೂ ಇಷ್ಟೇ, ಕೊಡದಿದ್ರೂ ಇಷ್ಟೇ."

ಜುಬೇರ್ ತಲೆ ಎತ್ತಿದ. ಅಣ್ಣ ಆಗಲೇ ನಜೀರಾಗೆ ಚಹಾ ತರಲು ಹೇಳುತ್ತಿದ್ದ.

ಶಾಂತಾದೇವಿ ಹೋದ ಮೇಲೆ ಕಾಯುವ ದಿನಗಳು. ಶೆಡ್ಡು ಉಳಿಯಿತು ಎಂಬುದು ನಿಜ, ಆದರೆ ಅನುದಾನ ಬರದಿದ್ದರೆ ಬರೀ ಶೆಡ್ಡಿನಲ್ಲಿ ಜುಬೇರ್ ಎಷ್ಟು ದಿನ ನಿಲ್ಲಬಲ್ಲ? ಶಾಲೆಯ ಸಂಬಳ ಅವನ ಬಸ್ಸಿಗೆ, ಬಟ್ಟೆಗೆ ಮುಗಿಯುತ್ತಿತ್ತು. ದಾವಣಗೆರೆಯ ಒಂದು ಜಿಮ್ಮಿನವರು ಬಾ ಎಂದು ಎರಡು ಸಲ ಕರೆದಿದ್ದರು. ಅವನು ನಿದ್ದೆಗೆಟ್ಟ. ಊಟದಲ್ಲಿ ಕೂತರೂ ಫೋನು ಮಂಡಿಯ ಪಕ್ಕದಲ್ಲೇ ಇರುತ್ತಿತ್ತು. ನಜೀರಾ ಒಂದು ದಿನ ಅದನ್ನು ಎತ್ತಿ ಅಕ್ಕಿಯ ಡಬ್ಬಿಯ ಮೇಲಿಟ್ಟರು. ಅದು ಅಲ್ಲಿಂದಲೂ ಕೂಗಲಿಲ್ಲ.

ಓಣಿಯಲ್ಲಿ ಅಷ್ಟರಲ್ಲಿ ಬೇರೆ ತಾಪತ್ರಯ ಶುರುವಾಗಿತ್ತು. ಕಲ್ಲಿನಂಥ ಗಾದಿಗೆ ಒಗ್ಗಿದ ಬೆನ್ನುಗಳು ಹೊಸ ಹತ್ತಿಗೆ ಒಗ್ಗಲಿಲ್ಲ. ಬೆಳಗಾದರೆ ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ಸುಬಾನಸಾಬರ ಅಂಗಡಿಗೆ ಬರುವರು. ಅಂಜಿನಮ್ಮ ಎಲ್ಲರಿಗಿಂತ ಮೊದಲು ಬಂದರು.

"ಸುಬಾನಣ್ಣ, ನಿನ್ನ ಮೆತ್ತನೆ ಗಾದಿಯಾಗೆ ನಾನು ಮಲಗಿದ್ರೆ ಬೆಳಿಗ್ಗೆ ಎಬ್ಬಿಸಾಕೆ ಇಬ್ರು ಬೇಕು. ನಮ್ಮ ಯಜಮಾನ್ರ ಚಪ್ಪಡಿ ನಂಗೆ ಕೊಟ್ಬಿಡು."

"ಮಕ್ಕಳ ಹೊಸ ಮ್ಯಾಟು ಬರಲಿ ಅಕ್ಕ, ಕೊಡ್ತೀನಿ."

"ಬರದೇ ಹೋದ್ರೆ?"

ಸುಬಾನಸಾಬರು ಸೂಜಿ ನಿಲ್ಲಿಸಿದರು. "ಕೊಡಾನು ಮ್ಯಾಲಿದಾನೆ" ಎಂದರು. ಅಂಜಿನಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತು, ನಾನೂ ಉಚ್ಚಂಗಮ್ಮ ದೇವಿಗೆ ಹೇಳಿಕೊಂಡಿದ್ದೇನೆ ಎಂದರು. ಗಾದಿಯ ಮಾತು ಅಂದಿಗೆ ಅಲ್ಲಿಗೇ ನಿಂತಿತು.

ಮುಜಮ್ಮಿಲ್ ಹೇಳಿದಂತೆ ಸೌದೆ ತೆಗೆಸಿದ. ಹಿತ್ತಲಿಗೆ ತಗಡು ಹಾಕಿಸಿದ. ಕಂಬ ನೆಡುವಾಗ ಜುಬೇರ್ ಹೋಗಿ ಹಿಡಿದುಕೊಂಡ. ಅಣ್ಣ ಬೇಡವೆನ್ನಲಿಲ್ಲ. ಮಣ್ಣು ತುಳಿದು ಗಟ್ಟಿ ಮಾಡುವಾಗ ಮುಜಮ್ಮಿಲ್ ಕೇಳಿದ್ದು ಒಂದೇ: ಇಲ್ಮಾ ಅವತ್ತು ಗಾಳಿಯಲ್ಲಿ ಸುತ್ತಿದಳಲ್ಲ, ಅದಕ್ಕೆ ಏನನ್ನುತ್ತಾರೆ ಎಂದು. ಜುಬೇರ್ ಹೆಸರು ಹೇಳಿದ. ಮುಜಮ್ಮಿಲ್ ಬಾಯಲ್ಲಿ ಅದು ನಿಲ್ಲಲಿಲ್ಲ. ಹೋಗಲಿ, ಲಾಗ ಅಂತಲೇ ಇರಲಿ ಎಂದ.

ಫೋನು ಬಂದದ್ದು ಒಂದು ಗುರುವಾರ, ಮಧ್ಯಾಹ್ನದ ಊಟದ ಹೊತ್ತಿಗೆ. ಜುಬೇರ್‌ನ ಕೈಯಲ್ಲಿ ತುತ್ತಿತ್ತು. ಎಡಗೈಯಿಂದ ಎತ್ತಿದ. ಆ ಕಡೆಯಿಂದ ಶಾಂತಾದೇವಿ ಮಾತಾಡುತ್ತಿದ್ದರು, ಇವನು ಹೂಂ ಎನ್ನುತ್ತಿದ್ದ. ಮನೆಯವರು ಅವನ ಹೂಂಗಳನ್ನೇ ಎಣಿಸುವವರ ಹಾಗೆ ಕೂತಿದ್ದರು. ನಜೀರಾ ಸೌಟು ಹಿಡಿದು ನಿಂತಲ್ಲೇ ನಿಂತಿದ್ದರು.

ಅವನು ಫೋನು ಇಟ್ಟು, ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ.

"ನಮಗೇ ಬಂತು" ಎಂದ.

ಮೂರು ವರ್ಷಕ್ಕೆ. ಮೊದಲ ಕಂತಿನಲ್ಲಿ ಮ್ಯಾಟುಗಳು, ಆಮೇಲೆ ಉಳಿದ ಸಾಮಾನು, ಮುಂದಿನ ತಿಂಗಳಿಂದ ಸಂಬಳ. ಚನ್ನಗಿರಿಯವರಿಗೆ ಮುಂದಿನ ವರ್ಷ ನೋಡುತ್ತಾರಂತೆ. ಮಕ್ಕಳನ್ನು ಪೆಟ್ಟಿಗೆಯಿಂದ ಹಾರಿಸದೆ ನಿಲ್ಲಿಸಿದ್ದನ್ನು ಸಭೆಯಲ್ಲಿ ಹೇಳಿದೆ ಎಂದರಂತೆ ಶಾಂತಾದೇವಿ.

ಸುಬಾನಸಾಬರು ಎರಡೂ ಅಂಗೈ ಎತ್ತಿ ಮುಖಕ್ಕೆ ಸವರಿಕೊಂಡರು. ಆ ಕೈಗಳು ಮುಖದ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ನಿಂತವು. ಮಸರತ್ ಅಡುಗೆಮನೆಗೆ ಹೋಗಿ ಏನನ್ನೂ ತಾರದೆ ಹಾಗೇ ಮರಳಿ ಬಂದಳು. ಮುಜಮ್ಮಿಲ್ ತಟ್ಟೆ ಮುಂದೆ ಮಾಡಿ, ಅವ್ವಾ ಇನ್ನೊಂದಿಷ್ಟು ಅನ್ನ ಹಾಕು ಎಂದ. ಎಲ್ಲರೂ ಹಾಕಿಸಿಕೊಂಡರು. ಪಾತ್ರೆಯ ತಳ ಕಾಣುವವರೆಗೆ ಉಂಡರು. ನಜೀರಾಗೆ ತಮಗೆಂದು ಮತ್ತೆ ಒಂದು ಪಾವು ಅಕ್ಕಿ ಇಡಬೇಕಾಯಿತು.

ಜುಬೇರ್ ಕೈತೊಳೆದು ನಡುಮನೆಯ ಗೋಡೆಗೆ ಒರಗಿ ಕೂತವನು ಹಾಗೇ ಜಾರಿ ನೆಲದ ಮೇಲೆ ಮಲಗಿಬಿಟ್ಟ. ದಿಂಬಿಲ್ಲ, ಚಾಪೆಯಿಲ್ಲ. ಸಂಜೆಯಾಗುತ್ತ ಬಂದಾಗ ಮಕ್ಕಳು ಒಬ್ಬೊಬ್ಬರಾಗಿ ಬಂದು ಹೊಸ್ತಿಲಿನಿಂದ ಇಣುಕಿದರು. ಇಲ್ಮಾ ತುಟಿಗೆ ಬೆರಳಿಟ್ಟು, ಅವರನ್ನೆಲ್ಲ ಸದ್ದಿಲ್ಲದೆ ಶೆಡ್ಡಿಗೆ ಕರೆದುಕೊಂಡು ಹೋಗಿ ಮೈ ಸಡಿಲಿಸುವ ಕಸರತ್ತನ್ನು ತಾನೇ ಮಾಡಿಸತೊಡಗಿದಳು.

ಮುಂಭಾಗದ ಅಂಗಡಿಯಲ್ಲಿ ಮಷೀನು ಓಡುತ್ತಿತ್ತು. ಸವಳಂಗದ ಗಿರಾಕಿಯೊಬ್ಬ ದಿಂಬಿಗೆಂದು ಕಾಯುತ್ತ ನಿಂತಿದ್ದ, ಅವನ ಬಸ್ಸಿಗೆ ಹೊತ್ತಾಗಿತ್ತು. ಮುಜಮ್ಮಿಲ್ ನೀರು ಕುಡಿಯಲು ಒಳಗೆ ಬಂದ. ನೆಲದ ಮೇಲೆ ಬಾಯಿ ತೆರೆದು ಮಲಗಿದ್ದ ತಮ್ಮನನ್ನು ನೋಡಿದ. ನೀರು ಕುಡಿಯದೆ ಹಿಂದಿರುಗಿ ಹೋಗಿ ಮಷೀನಿನ ಗುಂಡಿ ಒತ್ತಿದ. ಸದ್ದು ಇಳಿಯಿತು.

"ಯಾಕ್ರೀ, ಕರೆಂಟು ಹೋತಾ?" ಎಂದು ಗಿರಾಕಿ ಕೇಳಿದ.

"ಇಲ್ಲ. ಒಳಗೆ ನಮ್ಮ ಹುಡುಗ ಮಲಗ್ಯಾನೆ" ಎಂದ ಮುಜಮ್ಮಿಲ್, ದನಿ ತಗ್ಗಿಸಿ. "ಮುಂದಿನ ಬಸ್ಸಿಗೆ ಹೋಗ್ರಿ. ಕೂತ್ಕಳ್ರಿ, ಚಾ ಕುಡಿಯಾಣ."